ಬಾಂದ ಕಲ್ಲಿನ ಕೆಳಗಿನ ಪಾಕೀಟು

ಅಕ್ಕವ್ವಾ, ತಮ್ಮಣ್ಣಾ, ಮೊಮ್ಮಕ್ಕಳಾದ ನಿಮ್ಮನ್ನು ಮನೆಯಲ್ಲಿ ಕರೆಯುವ ಹಾಗೆಯೇ ಇಲ್ಲಿಯೂ ಕರೆಯುತ್ತೇನೆ. ವಿಜಯಪುರದಿಂದ ಬಂದಾಗಲೆಲ್ಲ ನೀವು, "ಆಯಿ, ಸಣ್ಣಜ್ಜನ ಮನ್ಯಾಗ ನೀ ನೀರೂ ಕುಡಿಯೂದಿಲ್ಲ, ಯಾಕ?" ಎಂದು ಕೇಳುತ್ತಿದ್ದಿರಿ. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ. ತಿಕೋಟಾದ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆ, ಅವುಗಳಿಂದ ಹೇಳುತ್ತೇನೆ.

ಸಾರವಾಡದ ನಮ್ಮ ಹೊಲ ಡೋಣಿ ಹೊಳೆಯ ದಂಡೆಗೆ ಹತ್ತಿಕೊಂಡಿದೆ. ಪಕ್ಕದ ಹೊಲ ನಿಮ್ಮ ಸಣ್ಣಜ್ಜನದು, ಅಂದರೆ ನನ್ನ ಮೈದುನನದು. ನಡುವೆ ಒಂದು ಬಾಂದ ಕಲ್ಲು. ನನ್ನ ಮಾವ ಇಬ್ಬರು ಮಕ್ಕಳಿಗೆ ಹೊಲ ಪಾಲು ಮಾಡಿದಾಗ ನೆಟ್ಟದ್ದು. ನಾನಾಗ ಹೊಸ ಸೊಸೆ. ಅಂಗಡಿಯಿಂದ ಉಪ್ಪು ಕಾಗದದ ಪುಡಿಕೆಯಲ್ಲಿ ಬರುತ್ತಿತ್ತು, ಎಣ್ಣೆಗೆ ಬಾಟಲಿ ಒಯ್ಯುತ್ತಿದ್ದೆವು. ಪ್ಲಾಸ್ಟಿಕ್ ಎಂಬುದನ್ನು ಊರು ಕಂಡಿರಲಿಲ್ಲ.

ನಿಮ್ಮ ಅಜ್ಜ ಹೋದ ಮರುವರ್ಷ ಮೈದುನ ಬಂದು, "ವೈನಿ, ಕಲ್ಲು ನನ್ನ ಕಡೆ ಸರದೈತ್ರಿ. ಒಮ್ಮೆ ಅಗದು ನೋಡೂಣು" ಎಂದ. ಗಂಡ ಇಲ್ಲದವಳ ಹೊಲದ ಮೇಲೆ ಇವನ ಕಣ್ಣು ಬಿದ್ದಿದೆ ಎಂದುಕೊಂಡೆ, ಅಗೆಯಲು ಬಿಡಲಿಲ್ಲ. ಅಂದಿನಿಂದ ಅವನ ಟ್ರ್ಯಾಕ್ಟರ್ ಬಾಂದದ ಹತ್ತಿರ ತಿರುಗಿದರೆ ಓಡಿ ಹೋಗಿ ನೋಡುತ್ತಿದ್ದೆ. ಪಂಚಮಿಗೆ ಅವನ ಹೆಂಡತಿ ಕಳಿಸಿದ ಉಂಡಿಗಳನ್ನು ಎಮ್ಮೆಗೆ ಹಾಕಿದೆ.

ಈ ಸಲದ ಮಳೆಗೆ ದಂಡೆ ಕುಸಿದು ಕಲ್ಲಿನ ಒಂದು ಮಗ್ಗುಲು ಬಯಲಾಯಿತು. ಅದಾಗಿ ಕೆಲವು ದಿನಕ್ಕೆ ವಿಜಯಪುರದ ಕಾಲೇಜಿನ ಹುಡುಗಿಯೊಬ್ಬಳು ಟೇಪು, ಕುರ್ಪಿ ಹಿಡಿದು ದಂಡೆಗೆ ಇಳಿದಳು. ಟೇಪು ಕಂಡ ಕೂಡಲೇ ನನಗೆ ಖಾತ್ರಿಯಾಯಿತು, ಹೊಲ ಅಳೆಯಲು ಮೈದುನನೇ ಕಳಿಸಿದ್ದಾನೆ.

"ಯಾರು ಕಳಿಸ್ಯಾರವ್ವ ನಿನ್ನ?"

"ಯಾರೂ ಇಲ್ಲ ಆಯಿ. ಹೊಳಿ ಯಾವಾಗ ಎಷ್ಟು ಮಣ್ಣು ತಂದು ಹಾಕೇತಿ ಅಂತ ನೋಡಾಕ ಬಂದೇನಿ."

"ಮಣ್ಣಿಗೇನ್ ಜಾತಕ ಬರದಿಟ್ಟಾರೇನು?"

ಅವಳು ನಕ್ಕಳು. "ನಾವ ಬರದೇವಿ ಆಯಿ, ನಮ್ಮ ಕಸದಾಗ. ಬರ್ರಿ ಇಲ್ಲಿ."

ದಂಡೆಯ ಗೋಡೆಯನ್ನು ಕುರ್ಪಿಯಿಂದ ಕೆರೆದು ತೋರಿಸಿದಳು. ಮೇಲಿನ ಮಣ್ಣಿನ ಪದರದಲ್ಲಿ ಕ್ಯಾರಿಬ್ಯಾಗು, ಗುಟಕಾ ಚೀಟಿ. ಅದರ ಕೆಳಗೆ ಶಾಂಪೂ ಚೀಟಿ. ಇನ್ನೂ ಕೆಳಗೆ ದಪ್ಪನೆಯ ಹಾಲಿನ ಪಾಕೀಟು. ಅದರ ಕೆಳಗೆ ಬರೀ ಮಣ್ಣು. ಯಾವ ಪಾಕೀಟು ಯಾವ ಕಾಲದ್ದು ಎಂದು ತಿಳಿದರೆ, ಅದರ ಮೇಲಿನ ಮಣ್ಣು ಅದಕ್ಕಿಂತ ಈಚಿನದು ಎಂದು ಹೇಳಬಹುದಂತೆ.

ನಾನು ನಂಬಲಿಲ್ಲ. "ಇದು ಎರಿ ಭೂಮಿ. ಬ್ಯಾಸಗ್ಯಾಗ ಬಾಯಿ ಬಿಡತೈತಿ. ನನ್ನ ಕುಡಗೋಲ ಒಂದು ಬಿರುಕಿನಾಗ ಹೋದದ್ದು ಮ್ಯಾಲ ಬಂದಿಲ್ಲ. ನಿನ್ನ ಚೀಟಿ ಬೀಳೂದಿಲ್ಲೇನು?"

"ಬೀಳತಾವ. ಅದಕ್ಕ ಒಂದು ಚೀಟಿ ನೋಡಿ ಏನೂ ಹೇಳಂಗಿಲ್ಲ. ನೀವು ನಮ್ಮ ಕಾಲೇಜಿನ ಸರ್‌ಗಿಂತ ಕಠಿಣ ಅದೀರಿ ನೋಡ್ರಿ!"

ಹಾಗೆಯೇ ಕೆರೆಯುತ್ತ ಬಾಂದ ಕಲ್ಲಿನ ಬುಡಕ್ಕೆ ಬಂದಳು. ಅಲ್ಲೊಂದು ಗಂಟು ಕಾಣಿಸಿತು. ಮಣ್ಣು ಒರೆಸಿದಾಗ ಸೂರ್ಯಕಾಂತಿ ಹೂವಿನ ಚಿತ್ರ. ಬೀಜದ ಪಾಕೀಟು, ಬಾಯಿ ಕಟ್ಟಿದ್ದು, ಒಳಗೆ ಇದ್ದಿಲು.

"ಬಿರುಕಿನಾಗ ಬಿದ್ದದ್ದು ಇದಲ್ಲ ಆಯಿ. ಯಾರೋ ಗಂಟು ಕಟ್ಟಿ ಇಟ್ಟಾರ, ಅದರ ಮ್ಯಾಲ ಕಲ್ಲು ನಿಲ್ಲಿಸ್ಯಾರ. ಇದ್ದಿಲು ಯಾಕ?"

ಅವಳಿಗೆ ಗೊತ್ತಿರಲಿಲ್ಲ. ಬಾಂದ ನೆಡುವಾಗ ತಳಕ್ಕೆ ಇದ್ದಿಲು ಹಾಕುವುದು ನಮ್ಮಲ್ಲಿ ಪದ್ಧತಿ. ಕಲ್ಲು ಕಿತ್ತರೂ ಇದ್ದಿಲು ಕೊಳೆಯುವುದಿಲ್ಲ, ಜಾಗ ತೋರಿಸುತ್ತದೆ. ಇದ್ದಿಲು ಇಲ್ಲದ ಬಾಂದ ಮನೆಗೆ ಒಳ್ಳೆಯದು ಮಾಡುವುದಿಲ್ಲ ಎಂದು ಹಿರಿಯರ ಭಯ. ಆದರೆ ಮಾವನ ಕಾಲದಲ್ಲಿ ಬೀಜದ ಪ್ಲಾಸ್ಟಿಕ್ ಪಾಕೀಟು ಎಲ್ಲಿತ್ತು?

ಗಂಟಿನ ದಾರದ ಮಣ್ಣು ಉಜ್ಜಿ ನೋಡಿದೆ. ನಮ್ಮ ಹೊಲದಲ್ಲಿ ಸೂರ್ಯಕಾಂತಿ ಬಿತ್ತಿದ್ದು ಒಂದೇ ವರ್ಷ. ಮೈದುನ ಜೋಳ ಬಿಟ್ಟು ಬೇರೆ ಬೀಜ ಮುಟ್ಟಿದವನಲ್ಲ. ಆ ವರ್ಷ ನಿಮ್ಮ ಅಜ್ಜ ಒಲೆಯ ಮುಂದೆ ನಿಂತು ಇದ್ದಿಲು ಕೇಳಿದ್ದರು. "ಯಾತಕ್ಕರಿ?" ಎಂದೆ. "ಹಲ್ಲು ತಿಕ್ಕಾಕ" ಎಂದರು. ಖಾಲಿಯಾದ ಬೀಜದ ಪಾಕೀಟಿಗೆ ತುಂಬಿ, ನೈಲಾನ್ ದಾರದಿಂದ ಎರಡು ಗಂಟು ಹಾಕಿ ಕೊಟ್ಟವಳು ನಾನೇ. ಕಲ್ಲು ಸರಿಸುವಾಗಲೂ ಅವರು ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಹುಡುಗಿ ಅದನ್ನು ಚೀಲಕ್ಕೆ ಹಾಕಲು ಹೋದಾಗ, "ಇದೊಂದು ನನಗ ಬಿಡವ್ವ" ಎಂದೆ. ನನ್ನ ಮುಖ ನೋಡಿ ಕೊಟ್ಟಳು. ಹೊಳೆಗೆ ಎಸೆದುಬಿಡೋಣ ಎಂದು ದಂಡೆಯವರೆಗೂ ಹೋದೆ. ಹೊಳೆ ಅದನ್ನು ಇನ್ನೊಬ್ಬರ ಹೊಲದಲ್ಲಿ ಹೂಳುತ್ತದೆ ಅಷ್ಟೆ ಎನಿಸಿ ಮನೆಗೆ ತಂದೆ.

ಮರುದಿನ ಮುಂಜಾನೆ ಮೈದುನನನ್ನು ಕರೆಸಿದೆ. "ಏನ್ರಿ ವೈನಿ, ಸೂರ್ಯ ಎತ್ಲಾಗ ಹುಟ್ಯಾನ ಇವತ್ತು?" ಎನ್ನುತ್ತ ಬಂದವನು ಪಾಕೀಟು ಕಂಡು ಅಲ್ಲೇ ಕುಳಿತ. ಅದು ಎಲ್ಲಿ ಸಿಕ್ಕಿತು, ಯಾರು ಕಟ್ಟಿದ್ದು ಎಂದು ಹೇಳಿದೆ. ಇಬ್ಬರೂ ಹೊಲಕ್ಕೆ ಹೋಗಿ ಕಲ್ಲಿನಿಂದ ನಮ್ಮ ಕಡೆ ಅಲ್ಲಲ್ಲಿ ಅಗೆದೆವು. ಎಂಟು ಹೆಜ್ಜೆ ದೂರದಲ್ಲಿ ಬರೀ ಮಣ್ಣಿನಲ್ಲಿ ಹಳೆಯ ಇದ್ದಿಲು ಸಿಕ್ಕಿತು. ಅದರ ಸುತ್ತ ಒಂದು ಚೂರೂ ಪ್ಲಾಸ್ಟಿಕ್ ಇರಲಿಲ್ಲ.

"ಕಲ್ಲು ಇವತ್ತ ಸರಸೂಣು" ಎಂದೆ.

"ಬ್ಯಾಡ್ರಿ. ನಾವು ಇರೂತನ ಇಲ್ಲೇ ಇರಲಿ. ಅಣ್ಣನ ಹೆಸರು ಊರಾಗ ಯಾಕ ಕೆಡಸೂದು?"

ಇವನು ಇದನ್ನು ಮೊದಲೇ ಅರಿತಿದ್ದನೇ? ಅರಿತೂ ನನ್ನ ಬಾಯಿಂದ ಬರಲಿ ಎಂದು ಕಾದನೇ? ನನಗೆ ಇನ್ನೂ ತಿಳಿಯದು. ಅವನ ಮನೆಯಲ್ಲಿ ಅಂದು ಚಹಾ ಕುಡಿದೆ. ಆಗಲೂ ಅವನ ಕಣ್ಣನ್ನೇ ನೋಡುತ್ತಿದ್ದೆ.

ಕಲ್ಲು ಇನ್ನೂ ಅಲ್ಲೇ ಇದೆ, ಸುಳ್ಳು ಹೇಳುತ್ತ. ಆ ಎಂಟು ಹೆಜ್ಜೆ ಸಣ್ಣಜ್ಜನ ಮಕ್ಕಳದು. ನಾವಿಬ್ಬರೂ ಹೋದ ಮೇಲೆ ಇದನ್ನು ಹೇಳುವವರು ಯಾರೂ ಉಳಿಯುವುದಿಲ್ಲ. ಮಕ್ಕಳೇ, ಈ ಹಾಳೆಗಳನ್ನು ಹೊಲದ ಉತಾರೆಯ, ಅಂದರೆ ಪಹಣಿಯ, ಜೊತೆಗೆ ಇಡಿ, ನೀರು, ಗೆದ್ದಲು ಮುಟ್ಟದ ಹಾಗೆ ಜೋಪಾನ ಮಾಡಿ.