ಸಿಂದಗಿಯ ಮಾಲನಬಿ ಗುನುಗಿದ ಧಾಟಿ

ಇಂಥ ಕಥೆ ಯಾರಾದರೂ ತೆಗೆದರೆ ನಾನು ಎದ್ದು ಚಹಾ ಮಾಡಲು ಹೋಗುತ್ತಿದ್ದೆ. ತವರೂರು ಇಂಡಿಯಲ್ಲಿ ನಮ್ಮ ಓಣಿಯ ಹೆಂಗಸರು ಮೈಮೇಲೆ ದೇವರು ಬರುವುದು, ಹಿಂದಿನ ಜನ್ಮ ಎಂದು ಮಾತಿಗೆ ಕುಳಿತರೆ "ನಿಮಗ ಬ್ಯಾರೆ ಕೆಲಸ ಇಲ್ಲೇನ್ರೆವಾ?" ಎಂದು ಬಾಯಿ ಮುಚ್ಚಿಸಿದವಳು ನಾನು. ಈಗ ನಾನೇ ಹೇಳಲು ಕುಳಿತಿದ್ದೇನೆ. ನಗಬೇಕೆನಿಸಿದರೆ ನಗಿ, ಬೇಜಾರಿಲ್ಲ.

ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ನಾನು ಸಂಗೀತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಟರ್ನೆಟ್ಟಿನಲ್ಲಿ ಏನನ್ನೋ ಹುಡುಕುವಾಗ ಅಮೆರಿಕದ ಒಬ್ಬ ಕಪ್ಪು ಸಂಗೀತಗಾರ ಬರೆದ ಸ್ವರಲಿಪಿಯ ಹಾಳೆಗಳು ಸಿಕ್ಕವು. ಹತ್ತೊಂಬತ್ತನೆಯ ಶತಮಾನದವ. ಉಳ್ಳವರು ಕುಣಿಯಲೆಂದು ಪಿಯಾನೊ ಸಂಗೀತ ಬರೆದ. ಅವರು ಕುಣಿದರು, ಇವನನ್ನು ಮರೆತರು. ಯಾರಾದರೂ ನುಡಿಸಿದ್ದು ಸಿಕ್ಕೀತೇ ಎಂದು ತಡಕಾಡಿದೆ. ಇಲ್ಲ. ಹಟ ಹಿಡಿದು ಅವನ ಒಂದು ಕುಣಿತದ ಧಾಟಿಯನ್ನು ಸರಿಗಮಕ್ಕೆ ಇಳಿಸಿ ನನ್ನ ಹಾರ್ಮೋನಿಯಂ ಪೇಟಿಗೆ ಕೂರಿಸಿದೆ. ಮೂರು ಮೂರು ಮಾತ್ರೆಯ ನಡೆ, ನಮ್ಮ ದಾದ್ರಾ ತಾಳಕ್ಕೆ ಹತ್ತಿರ. ಶಾಲೆಯ ಕಾರ್ಯಕ್ರಮದಲ್ಲಿ ನುಡಿಸಿ ಮೈಕಿನಲ್ಲಿ ಅವನ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಅಷ್ಟೇ ನನ್ನ ಆಸೆ.

ಆದರೆ ನನ್ನ ಪೇಟಿಯ ಒಂದು ಕರಿ ಪಟ್ಟಿ ಒತ್ತಿದರೆ ದನಿಯೇ ಬರುತ್ತಿರಲಿಲ್ಲ. ಆ ಸ್ವರ ಬಂದಲ್ಲೆಲ್ಲ ಅದನ್ನು ಬಿಟ್ಟು, ಕೆಳಗಿನ ಎರಡು ಸ್ವರ ತಟ್ಟಿ, ಸುತ್ತು ಹಾಕಿ ಮುಂದೆ ಹೋಗುತ್ತಿದ್ದೆ. ಆ ಹಾಳೆಗಳಲ್ಲಿ ಈ ಸುತ್ತು ಇರಲಿಲ್ಲ, ನಾನೇ ಹಾಕಿಕೊಂಡದ್ದು.

ರಿಪೇರಿಗೆಂದು ಸಿಂದಗಿಯಲ್ಲಿ ಪೇಟಿ ದುರಸ್ತಿ ಮಾಡುವ ನಬಿಸಾಬರ ಮನೆಗೆ ಒಯ್ದೆ. ಮಟಮಟ ಮಧ್ಯಾಹ್ನ. ಪಡಸಾಲೆಯಲ್ಲಿ ಅವರ ತಾಯಿ ಮಾಲನಬಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಒಂದು ಕಾಲಕ್ಕೆ ನಾಟಕ ಕಂಪನಿಯ ನಟಿ. ತೀರಿಹೋದ ಗಂಡ ಅದೇ ಕಂಪನಿಯ ಪೇಟಿ ಮಾಸ್ತರ. ಯಾವ ಪಟ್ಟಿ ಕೆಟ್ಟಿದೆಯೆಂದು ತೋರಿಸಲು ಆ ಕುಣಿತದ ಧಾಟಿಯನ್ನೇ ನುಡಿಸಿದೆ. ಅರ್ಧಕ್ಕೆ ಬಂದಾಗ ನಬಿಸಾಬರು "ತಿಳೀತ್ರಿ, ಸಾಕು" ಎಂದರು. ನಿಲ್ಲಿಸಿದೆ.

ಧಾಟಿ ಮಾತ್ರ ನಿಲ್ಲಲಿಲ್ಲ. ಮಾಲನಬಿ ಉಳಿದರ್ಧವನ್ನು ಗುನುಗುತ್ತಿದ್ದರು! ನಾನಿನ್ನೂ ನುಡಿಸದೇ ಇದ್ದ ಭಾಗ. ಸ್ವರಕ್ಕೆ ಸ್ವರ ಸರಿ. ಆ ಕರಿ ಪಟ್ಟಿಯ ಸ್ವರ ಬರಬೇಕಾದಲ್ಲಿ ಅದನ್ನು ಬಿಟ್ಟು, ಕೆಳಗಿನ ಎರಡು ಸ್ವರ ತಟ್ಟಿ, ನನ್ನ ಹಾಗೆಯೇ ಸುತ್ತಿ ಹೋದರು. ನಾನು ಪೇಟಿ ಬಿಟ್ಟು ಅವರತ್ತ ತಿರುಗಿದೆ.

"ಆಯಿ, ಇದು ನಿಮಗ ಹ್ಯಾಂಗ ಗೊತ್ತು?"

"ಹ್ಯಾಂಗ ಅಂದ್ರ? ನಮ್ಮವರು ಕಟ್ಟಿದ್ದು. ನಾ ಸ್ಟೇಜಿಗಿ ಬರೂಮುಂದ ಇದನ್ನ ನುಡಸ್ತಿದ್ರು. ಬ್ಯಾರೆ ಯಾರಿಗೂ ಇದನ್ನ ಕೊಟ್ಟಿದ್ದಿಲ್ಲ. ಅವರು ನನಗ ಅಂತ ಬಿಟ್ಟು ಹ್ವಾದದ್ದು ಇದೊಂದ ನೋಡ್ರಿ ಅಕ್ಕೋರ."

ಹಾಗಾದರೆ ನಿಮ್ಮ ತಂದೆಯವರ ಪೇಟಿಯಲ್ಲೂ ಅದೇ ಪಟ್ಟಿ ಕೆಟ್ಟಿತ್ತೇ ಎಂದು ನಬಿಸಾಬರನ್ನು ಕೇಳಿದೆ. ಪುಣ್ಯಾತ್ಮ ತಲೆಯೆತ್ತಿ, "ಏ ಇಲ್ರಿ. ಅಬ್ಬಾರ ಪೇಟಿ ಕಡೀತನಕ ಬಂಗಾರದಂಗ ಇತ್ತು" ಎಂದುಬಿಟ್ಟರು. ನನ್ನ ಪೇಟಿಯೋ, ನಮ್ಮಪ್ಪ ಮಿರಜದಿಂದ ಹೊಸದಾಗಿಯೇ ತಂದದ್ದು. ಈ ಮನೆಯ ಹೊಸಿಲು ಅಂದೇ ಮೊದಲು ತುಳಿದಿತ್ತು.

ಸುಮ್ಮನಿದ್ದರೆ ಆ ಮುದುಕಿಯ ಒಂದೇ ಆಸ್ತಿ ಉಳಿಯುತ್ತಿತ್ತು. ಆದರೆ ಜಗತ್ತೇ ಮರೆತವನನ್ನು ನಾನೂ ನುಂಗಿ ಕೂರಲೇ? ಮನಸ್ಸು ತಡೆಯಲಿಲ್ಲ, ಹೇಳಿದೆ. ನಿಮ್ಮವರಿಗಿಂತ ಎಷ್ಟೋ ಮೊದಲು ಅಮೆರಿಕದ ಕಪ್ಪು ಸಂಗೀತಗಾರನೊಬ್ಬ ಇದನ್ನು ಬರೆದಿದ್ದ, ಯಾರೂ ಅವನನ್ನು ನೆನಪಿಡಲಿಲ್ಲ ಎಂದೆ.

ಮಾಲನಬಿ ಜೋಳದಿಂದ ಒಂದು ಹರಳು ಆರಿಸಿ ಒಗೆದರು. ಸಿಟ್ಟು ಬರಲಿಲ್ಲ. "ಪಾಪ, ಅವನ್ನೂ ಮರತ್ರೇನು?" ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಅದೆಲ್ಲಾ ಖರೆ ಇರಬೇಕು ಅಕ್ಕೋರ. ಆದ್ರ ನಮ್ಮವರ ಧಾಟಿ ಅವಗ ಹ್ಯಾಂಗ ಸಿಕ್ತು?"

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಮುಂಬೈಯಿಂದಲೋ, ಯಾವುದೋ ಬ್ಯಾಂಡಿನವರ ಕೈಯಿಂದಲೋ ಧಾಟಿ ಇಲ್ಲಿಗೆ ಬಂದಿರಬಹುದು, ಒಪ್ಪುತ್ತೇನೆ. ಆದರೆ ನನ್ನ ಆ ಸುತ್ತು?

ಕಾರ್ಯಕ್ರಮದ ದಿನ ನುಡಿಸಿ ಮುಗಿಸಿ ಮೈಕಿನ ಮುಂದೆ ನಿಂತೆ. ಆ ಕಪ್ಪು ಸಂಗೀತಗಾರನ ಹೆಸರು ಹೇಳಿದೆ. ಅದರ ಬೆನ್ನಿಗೇ, ಬೇಡವೆಂದರೂ, ಸಿಂದಗಿಯ ಪೇಟಿ ಮಾಸ್ತರರ ಹೆಸರೂ ಬಾಯಿಂದ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಇಬ್ಬರಲ್ಲಿ ಯಾರಿಗೆ ಅನ್ಯಾಯ ಮಾಡಿದೆನೋ, ನನಗೆ ಇಂದಿಗೂ ತಿಳಿದಿಲ್ಲ.