ಆಂಟಿಯ ಅಡುಗೆಮನೆಗೆ ವಾಸ್ತು

ಗೆಳೆಯರೇ, ನಾನು ಅಡುಗೆ ಮಾಡುವ ಸ್ಟ್ಯಾನ್ಮೋರಿನ ಮನೆಗೆ ಇವತ್ತು ವಾಸ್ತು ನೋಡುವವರೊಬ್ಬರು ಬಂದಿದ್ದರು. ಕರೆತಂದವನು ಸರೋಜಾ ಆಂಟಿಯ ಗಂಡನ ಮೊದಲ ಹೆಂಡತಿಯ ಮಗ. ಆಂಟಿಯ ಗಂಡ, ತೀರಿಕೊಂಡ ಡಾಕ್ಟರು, ವಿಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಆಂಟಿ ಬದುಕಿರುವವರೆಗೂ ಮನೆಯ ಹಕ್ಕು ಆಂಟಿಯದು, ಅವರ ನಂತರ ಮಗನದು. ಆಂಟಿ ಮನೆ ಮಾರುವಂತಿಲ್ಲ, ಅವರನ್ನು ಯಾರೂ ಎಬ್ಬಿಸುವಂತೆಯೂ ಇಲ್ಲ.

ವಾಸ್ತುವಿನವರು ಫೋನಿನಲ್ಲಿ ದಿಕ್ಕು ನೋಡಿದರು. "ಈ ಗೋಡೆ ಒಡೆದು ಒಲೆ ಆಗ್ನೇಯಕ್ಕೆ ತರಬೇಕು. ಯಜಮಾನರ ನಕ್ಷತ್ರ ಯಾವುದು?"

"ಸ್ವಾತಿ," ಎಂದ ಮಗ.

"ರೋಹಿಣಿ," ಎಂದರು ಆಂಟಿ, ಬೀನ್ಸ್ ಹೆಚ್ಚುತ್ತಲೇ.

"ಚಿಕ್ಕಮ್ಮ, ಕೆಲಸ ಮುಗಿಯೋವರೆಗೂ ನೀವು ಇಲ್ಫರ್ಡಲ್ಲಿ ನಿಮ್ಮ ತಂಗಿ ಮನೇಲಿ ಇದ್ದುಬಿಡಿ."

"ಅದ್ಯಾಕಪ್ಪ? ನನ್ನ ಆಯಸ್ಸು ಇನ್ನೆಷ್ಟಿದೆ ಅಂತ ಸ್ವಾಮಿಗಳು ಹೇಳಿಬಿಡಲಿ. ಅದು ಮುಗಿದ ಮಾರನೇ ದಿನವೇ ಬಿಲ್ಡರನ್ನ ಕರೆಸುವಿಯಂತೆ."

ವಾಸ್ತುವಿನವರು ನಾಚಿಕೊಂಡು ಫೋನು ಜೇಬಿಗಿಟ್ಟರು. ಮಗರಾಯ ನಾಚಲಿಲ್ಲ. ಅವರ ಕಡೆ ತಿರುಗಿ, "ಅಂದಾಜಾಗಿ ಹೇಳಕ್ಕಾಗತ್ತಾ?" ಎಂದು ಕೇಳಿದ.

ಡಾಕ್ಟರು ಮನೆಯನ್ನು ನೇರವಾಗಿ ಮಗನಿಗೇ ಏಕೆ ಬರೆಯಲಿಲ್ಲ ಎಂದು ಇಷ್ಟು ದಿನ ಯೋಚಿಸುತ್ತಿದ್ದೆ. ಪಾಪ, ಅವರಿಗೆ ಮಗನ ಪರಿಚಯ ಚೆನ್ನಾಗಿಯೇ ಇತ್ತು.