ಬೆನ್ನಲ್ಲಿ ಇಟ್ಟಿಗೆ, ಮುಂದೆ ಆಯಿ

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಕಂಡವರ ನಡಿಗೆ, ಮಾತು ಅಣಕಿಸುವುದು ನನ್ನ ಚಟ. ಅವತ್ತು ಮೇವಿನ ಹೊರೆ ಹೊತ್ತು ಹೋಗುತ್ತಿದ್ದ ವಯಸ್ಸಾದ ಆಯಿಯೊಬ್ಬಳ ಬೆನ್ನ ಹಿಂದೆ, ಅವಳಂತೆಯೇ ಒಂದು ಕಡೆ ವಾಲಿ, ಕಾಲೆಳೆಯುತ್ತಾ ನಡೆದೆ. ಹಿಂದೆ ಬರುತ್ತಿದ್ದ ಇಬ್ಬರು ಗೆಳೆಯರು ಹೊಟ್ಟೆ ಹಿಡಿದು ನಗುತ್ತಿದ್ದರು.

ರಜೆಯಲ್ಲಿ ಎಂಟು ದಿನ ಸಹ್ಯಾದ್ರಿಯ ಬೆಟ್ಟಗಳಲ್ಲಿ ನಡೆಯುವುದೆಂದು ನಾವು ಮೂವರು ತೀರ್ಮಾನಿಸಿದ್ದೆವು. ಅದರ ತಯಾರಿಗಾಗಿ ಬೆನ್ನಚೀಲಕ್ಕೆ ನಾಲ್ಕು ಇಟ್ಟಿಗೆ ತುಂಬಿಕೊಂಡು, ಕಾಲೇಜಿಗೆ ಮುಂಚೆ ಬೇಡಕಿಹಾಳದ ರಸ್ತೆಯಲ್ಲಿ ದಿನವೂ ನಡೆಯುತ್ತಿದ್ದೆವು.

ಆಯಿ ತಟ್ಟನೆ ನಿಂತು ತಿರುಗಿದಳು.

“ಚೀಲದಾಗ ಏನೈತೋ ತಮ್ಮಾ?”

“ಇಟ್ಟಂಗಿ ರೀ ಆಯಿ.”

“ಎಲ್ಲಿ ಮನಿ ಕಟ್ಟಾಕತ್ತಿ?”

“ಮನಿ ಅಲ್ರಿ. ಗುಡ್ಡಾ ಹತ್ತೂದೈತಿ, ಭಾರ ಹೊತ್ತ ನಡ್ಯೂದು ರೂಢಿ ಆಗ್ಲಿ ಅಂತ. ಮತ್ತ ಹೊಳ್ಳಿ ಮನಿಗೇ ಒಯ್ತೇನ್ರಿ.”

ಹೇಳುವಾಗಲೇ ನನ್ನ ಕಿವಿ ಬಿಸಿಯಾಯಿತು. ಅವಳ ಕುತ್ತಿಗೆಯ ನರಗಳು ಹೊರೆಯ ಕೆಳಗೆ ಬಿಗಿದು ನಿಂತಿದ್ದವು. ಆ ಮೇವಿಗಾಗಿ ಅವಳ ಮನೆಯಲ್ಲಿ ಎಮ್ಮೆ ಕಾಯುತ್ತಿರಬೇಕು. ನನ್ನ ಇಟ್ಟಿಗೆಗಾಗಿ ಯಾರೂ ಕಾಯುತ್ತಿರಲಿಲ್ಲ. ಇವಳು ನನ್ನ ಆಟ ನೋಡಿಲ್ಲ, ಸದ್ಯ ಬಚಾವಾದೆ ಎಂದುಕೊಂಡೆ.

“ಬಿಸಲು ನಮ್ಮ ಬೆನ್ನಿಗಿತ್ತು,” ಎಂದಳು ಆಯಿ, “ನಿನ್ನ ನೆರಳು ಆಗಿಂದ ನನ್ನ ಮುಂದ ಕುಣ್ಯಾಕತ್ತಿತ್ತು.”

ಗೆಳೆಯರ ನಗು ನಿಂತಿತು. ನಾನು ತಲೆ ತಗ್ಗಿಸಿ “ತಪ್ಪಾತ್ರಿ ಆಯಿ” ಎಂದೆ. ಅವಳು ಸಿಟ್ಟಾಗಲಿಲ್ಲ. ತಪ್ಪು ತಿದ್ದುವ ಮಾಸ್ತರರಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನನ್ನ ನಡಿಗಿ ಛಲೋ ಕಲ್ತೀಯಪಾ. ಆದ್ರ ಈ ಹೊರಿ ಇಲ್ದ ಅದು ಪೂರಾ ಬರೂದಿಲ್ಲ. ತಗೋ, ತಲಿ ಮ್ಯಾಲ ಇಟಗೋ.”